ಬೋರ್ಡಿನ ಹಿಂದೆ ಒಂದು ಮನೆಯಿದೆ

(ಬೆಂಗಳೂರು ಪೇಟೆಯಲ್ಲಿ ಮುದ್ರಣಾಲಯ ನಡೆಸುತ್ತಿರುವ ಕನ್ನಡಾಭಿಮಾನಿಯೊಬ್ಬರು ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿ.ಯು.ಸಿ.ಗೆ ಓದು ನಿಲ್ಲಿಸಿ ತಂದೆಯವರ ಅಚ್ಚುಮನೆಗೆ ಸೇರಿಕೊಂಡವನು. ಬೇರೆಯವರ ಭಾಷಣಗಳನ್ನು ಅಚ್ಚು ಹಾಕಿ ಗೊತ್ತೇ ಹೊರತು ನಿಂತು ಮಾತಾಡಿ ಗೊತ್ತಿಲ್ಲ. ಅಂಗಡಿಗಳ ಮೇಲೆ ಕನ್ನಡ ನಾಮಫಲಕ ಎಂಬ ವಿಷಯದ ಬಗ್ಗೆ ನಾಲ್ಕು ಮಾತು ಹೇಳಿ ಅಂದಿದ್ದಾರೆ. ನಾನು ಬೋರ್ಡಿನಿಂದಲೇ ಶುರು ಮಾಡುತ್ತೇನೆ. ಆದರೆ ಬೋರ್ಡಿನ ಹತ್ತಿರವೇ ನಿಲ್ಲುವುದಿಲ್ಲ, ಅದರ ಹಿಂದಕ್ಕೂ ಹೋಗುತ್ತೇನೆ. ಯಾಕೆ ಎನ್ನುವುದಕ್ಕೆ ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಸಿಬಿಡುತ್ತೇನೆ.

ನಾನು ಮುಚ್ಚಿದ ಕನ್ನಡ

೨೦೨೪ರ ಫೆಬ್ರವರಿ ತಿಂಗಳು. ನಾಮಫಲಕದಲ್ಲಿ ಶೇಕಡಾ ೬೦ ಭಾಗ ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ ಇರಬೇಕು ಎಂದು ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದ ಕಾಲ. ಅದಕ್ಕೆ ಮೊದಲು, ೨೦೨೩ರ ಡಿಸೆಂಬರ್‌ನಲ್ಲಿ, ನಮ್ಮ ಕಾರ್ಯಕರ್ತರು ಬೀದಿಗಿಳಿದು ಹೋರಾಡಿದ್ದು, ಲಾಠಿ ಏಟು ತಿಂದದ್ದು, ಜೈಲಿಗೆ ಹೋದದ್ದು ನಿಮಗೆಲ್ಲ ಗೊತ್ತು. ಆ ಹೋರಾಟದ ಫಲ ನಮ್ಮಂಥವರ ಅಂಗಡಿಗೂ ಬಂತು. ನಮ್ಮ ಅಚ್ಚುಮನೆಯಲ್ಲಿ ಬೋರ್ಡಿನ ಕೆಲಸವೂ ಉಂಟು. ಊಟ ಮಾಡಲೂ ಪುರಸೊತ್ತಿಲ್ಲದಷ್ಟು ಆರ್ಡರು. ದೊಡ್ಡ ದೊಡ್ಡ ಅಕ್ಷರದಲ್ಲಿ ಕನ್ನಡ! ನನಗಾದ ಸಂತೋಷ ದುಡ್ಡಿನದು ಮಾತ್ರವಲ್ಲ.

ಚಿಕ್ಕಪೇಟೆಯ ಒಂದು ಸೀರೆ ಅಂಗಡಿಗೆ ಹದಿನಾಲ್ಕು ಅಡಿ ಉದ್ದ, ಆರು ಅಡಿ ಎತ್ತರದ ಬೋರ್ಡು ಮಾಡಿಕೊಟ್ಟೆ. ಅದನ್ನು ಏರಿಸುವ ದಿನ ನಾನೂ ಹೋಗಿದ್ದೆ. ಕಬ್ಬಿಣದ ಫ್ರೇಮು ಕೂರಿಸಲು ಹುಡುಗರು ಗೋಡೆಗೆ ಡ್ರಿಲ್ಲು ಇಟ್ಟಾಗ ಪುಡಿಪುಡಿಯಾಗಿ ಗಾರೆ ಉದುರಿತು. ತಲೆಯೆತ್ತಿ ನೋಡಿದೆ. ತಾರಸಿಯ ಕೈಪಿಡಿ ಗೋಡೆಯ ನಡುವೆ ಗಾರೆಯಲ್ಲಿ ಮೂಡಿಸಿದ ಒಂದು ಕಮಾನು. ಕಮಾನಿನೊಳಗೆ ಎರಡು ಗಿಳಿ. ಗಿಳಿಗಳ ನಡುವೆ ದುಂಡಗೆ ಎದ್ದು ನಿಂತ ಅಕ್ಷರ: ಶ್ರೀ. ಅದರ ಕೆಳಗೆ ಕಟ್ಟಿಸಿದ ಯಜಮಾನರ ಹೆಸರು. ಅದರ ಕೆಳಗೆ ಕನ್ನಡ ಅಂಕಿಯಲ್ಲಿ ಇಸವಿ: ೧೯೨೭.

ಕನ್ನಡ ಅಕ್ಷರ, ಕನ್ನಡ ಅಂಕಿ. ಯಾವ ಕಾಯ್ದೆಯೂ ಕೇಳದಿದ್ದ ಕಾಲದಲ್ಲಿ ಯಾವನೋ ಗಾರೆ ಕೆಲಸದ ಪುಣ್ಯಾತ್ಮ ಕರಣೆ ಹಿಡಿದು ಬರೆದದ್ದು. ನಾನು ಮಾಡಿಸಿದ ಕನ್ನಡ ಬೋರ್ಡು ಅದರ ಮೇಲೆ ಹೋಗಿ ಕೂತಿತು. ಒಂದು ಗಿಳಿಯ ಕತ್ತಿಗೇ ಬೋಲ್ಟು ಬಿದ್ದಿತ್ತು. ಕನ್ನಡ ಮೆರೆಸುವ ಹೆಸರಿನಲ್ಲಿ ಕನ್ನಡವನ್ನೇ ಮುಚ್ಚಿ ಬಂದೆ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೋರ್ಡಿಗಾಗಿ ಹೋರಾಡುವ ನಾವು ಬೋರ್ಡಿನ ಹಿಂದೆ ಏನಿದೆ ಎಂದು ಒಂದು ದಿನವಾದರೂ ನೋಡಿದ್ದೇವೆಯೇ? ಇವತ್ತು ನಾನು ಕೇಳುವ ಪ್ರಶ್ನೆ ಇದೊಂದೇ.

ಸಾಲುಮನೆ ನಿಲ್ಲುವ ಗುಟ್ಟು

೧೫೩೭ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದರು ಎಂದು ಶಾಲೆಯಲ್ಲಿ ಓದಿದ್ದೇವೆ. ಹಲಸೂರು ಬಾಗಿಲಿನಿಂದ ಸೊಂಡೆಕೊಪ್ಪದ ಬಾಗಿಲಿಗೆ ಒಂದು ಬೀದಿ, ಯಲಹಂಕದ ಬಾಗಿಲಿನಿಂದ ಆನೇಕಲ್ಲಿನ ಬಾಗಿಲಿಗೆ ಇನ್ನೊಂದು ಬೀದಿ. ಮೊದಲನೆಯದು ಚಿಕ್ಕಪೇಟೆ, ಎರಡನೆಯದು ದೊಡ್ಡಪೇಟೆ. ಇವೆರಡರ ಸುತ್ತ ಅಕ್ಕಿಯವರಿಗೆ ಅಕ್ಕಿಪೇಟೆ, ಬಳೆಯವರಿಗೆ ಬಳೇಪೇಟೆ, ಅರಳೆಯವರಿಗೆ ಅರಳೆಪೇಟೆ, ಗಾಣಿಗರಿಗೆ ಗಾಣಿಗರಪೇಟೆ. ಕಸುಬಿಗೊಂದು ಬೀದಿ, ಬೀದಿಗೊಂದು ಕನ್ನಡದ ಹೆಸರು. ದೊಡ್ಡಪೇಟೆ ಅವೆನ್ಯೂ ರೋಡ್ ಆಯಿತು, ಅರಳೆಪೇಟೆ ಕಾಟನ್‌ಪೇಟೆ ಆಯಿತು. ಹೆಸರು ಹೋದದ್ದನ್ನು ನಾವು ಗುರುತಿಸಿದೆವು, ಕೂಗಾಡಿದೆವು. ಮನೆ ಹೋದದ್ದನ್ನು ಗುರುತಿಸಲಿಲ್ಲ.

ಇವತ್ತು ಪೇಟೆಯಲ್ಲಿ ಉಳಿದಿರುವ ಹಳೆಯ ಮನೆಗಳು ಕೆಂಪೇಗೌಡರ ಕಾಲದವಲ್ಲ. ಹೆಚ್ಚಿನವಕ್ಕೆ ನೂರು, ನೂರೈವತ್ತು ವರ್ಷ. ಆದರೆ ಅವು ನಿಂತಿರುವ ಬೀದಿ, ಅವು ನಿಂತಿರುವ ರೀತಿ ಹಳೆಯದು. ಒಂದಕ್ಕೊಂದು ಭುಜ ಕೊಟ್ಟು ಸಾಲಾಗಿ ನಿಂತ ಮನೆಗಳು. ಬೀದಿಗೆ ಹನ್ನೆರಡೋ ಹದಿನೈದೋ ಅಡಿ ಅಗಲ, ಒಳಕ್ಕೆ ಹೋದರೆ ಅರವತ್ತು ಎಪ್ಪತ್ತು ಅಡಿ ಉದ್ದ. ಇಷ್ಟು ಕಿರಿದು ಯಾಕೆ? ಜಾಗಕ್ಕೆ ಬರ ಎಂಬುದು ಒಂದು ಕಾರಣ, ಬೀದಿ ಬದಿ ಎಲ್ಲರಿಗೂ ಬೇಕಲ್ಲ! ಇನ್ನೊಂದು ಕಾರಣವನ್ನು ನನಗೆ ಹೇಳಿದ್ದು ನಮ್ಮ ಅಚ್ಚುಮನೆ ರಿಪೇರಿ ಮಾಡಿದ ಒಬ್ಬ ಮುದುಕ ಮೇಸ್ತ್ರಿ. "ಮರದ ಉದ್ದ ಎಷ್ಟೋ ಮನೆ ಅಗಲ ಅಷ್ಟು, ಸ್ವಾಮಿ" ಅಂದ. ಈ ಗೋಡೆಯಿಂದ ಆ ಗೋಡೆಗೆ ಒಂದೇ ತೊಲೆ ಎಟುಕಬೇಕು. ಎಟುಕಿದಷ್ಟು ಅಗಲ.

ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿ ಬಡಿದು ಬಡಿದು ಗಟ್ಟಿ ಮಾಡುತ್ತಾರೆ. ಇದಕ್ಕೆ ಮದ್ರಾಸ್ ತಾರಸಿ ಅನ್ನುತ್ತಾರೆ. ಸಿಮೆಂಟಿಲ್ಲ, ಸಲಾಕೆಯಿಲ್ಲ. ಗಾರೆಗೆ ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೀರು. ಮಳೆಗಾಲದಲ್ಲಿ ಇಂಥ ಗೋಡೆ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದಿರೋ, ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತದೆ. ತೊಲೆಯ ತುದಿಯೂ ಗೆದ್ದಲು ಹಿಡಿಯುತ್ತದೆ. ನಾವು ರಿಪೇರಿ ಎಂದು ಮಾಡುವುದು ಎಷ್ಟೋ ಸಲ ಕೊಲೆಯೇ ಸರಿ.

ಇನ್ನು ನಡುವಿನ ಗೋಡೆ. ಅದು ಎರಡು ಮನೆಗೂ ಸೇರಿದ ಜಂಟಿ ಗೋಡೆ. ಈ ಮನೆಯ ತೊಲೆಯ ತುದಿಯೂ ಅದರಲ್ಲೇ, ಆ ಮನೆಯ ತೊಲೆಯ ತುದಿಯೂ ಅದರಲ್ಲೇ. ಹಳೆಯ ಕ್ರಯಪತ್ರ ತೆಗೆದು ಚಕ್ಕುಬಂದಿ ಓದಿ ನೋಡಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಮನೆ ಎಂದು ಬರೆದಿರುತ್ತದೆ. ನೆರೆಯವನನ್ನು ಹೆಸರಿಸದೆ ನಿಮ್ಮ ಮನೆ ಎಲ್ಲಿದೆ ಎಂದು ಹೇಳಲಿಕ್ಕೇ ಬರುವುದಿಲ್ಲ. ಇದೇ ಸಾಲುಮನೆಯ ಧರ್ಮ.

ಮೊಳೆ ಜೋಡಿಸುತ್ತಿದ್ದ ಕಾಲದ ಅಚ್ಚುಮನೆಯನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಒಂದು ಸಾಲಿನಲ್ಲಿ ಮೊಳೆಗಳನ್ನು ಬಿಗಿಯಾಗಿ ಕೂರಿಸಿ ಚೌಕಟ್ಟು ಹಾಕಿದರೆ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ನಡುವಿನಿಂದ ಒಂದೇ ಒಂದು ಮೊಳೆ ಕಿತ್ತರೆ ಇಡೀ ಸಾಲು ಸಡಿಲ. ಪೇಟೆಯ ಬೀದಿಯಲ್ಲಿ ಆಗುತ್ತಿರುವುದು ಇದೇ. ಸಾಲಿನ ನಡುವೆ ಒಂದು ಮನೆ ಕೆಡವಿ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸಿಗೆ ಪಾಯ ತೋಡುತ್ತಾರೆ. ಪಕ್ಕದ ಮನೆಯ ಜಂಟಿ ಗೋಡೆಗೆ ಆಸರೆ ತಪ್ಪುತ್ತದೆ, ಮಳೆ ಕಾಣದ ಗೋಡೆ ಮಳೆಗೆ ಬೀಳುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿರುಕು. ಆಮೇಲೆ "ಮನೆ ಹಳೇದು, ಬೀಳುವ ಹಾಗಿದೆ, ಕೆಡವಬೇಕು" ಎಂಬ ಮಾತು. ಅದು ಹಳೆಯದಾಗಿ ಬೀಳುತ್ತಿಲ್ಲ ಸ್ವಾಮಿ, ಒಂಟಿಯಾಗಿ ಬೀಳುತ್ತಿದೆ!

ಮನೆಯೊಳಗಿನ ಅಂಗಡಿ, ಅಂಗಡಿಯೊಳಗಿನ ಮನೆ

ಮನೆಗಳನ್ನೆಲ್ಲ ಅಂಗಡಿ ಮಾಡಿಬಿಟ್ಟರು ಎಂದು ನಾವು ಗೊಣಗುತ್ತೇವೆ. ನಿಜ ಹೇಳಬೇಕೆಂದರೆ ಪೇಟೆಯ ಮನೆ ಹುಟ್ಟಿನಿಂದಲೇ ಅರ್ಧ ಅಂಗಡಿ. ಬೀದಿಗೆ ಎತ್ತರದ ಜಗಲಿ, ಮರದ ಕಂಬ, ಕಂಬದ ಮೇಲೆ ಕೆತ್ತಿದ ಬೋದಿಗೆ. ಜಗಲಿಯ ಹಿಂದೆ ಅಂಗಡಿ ಕೋಣೆ. ಬಾಗಿಲು ಎಂದರೆ ಉದ್ದುದ್ದ ಹಲಗೆಗಳು. ಬೆಳಿಗ್ಗೆ ಒಂದೊಂದೇ ಕಳಚಿ ಒಳಗಿಡುವುದು, ರಾತ್ರಿ ಒಂದೊಂದೇ ಗಾಡಿಗೆ ಕೂರಿಸುವುದು. ಸಾಲು ತಪ್ಪದಿರಲೆಂದು ನಮ್ಮ ಅಚ್ಚುಮನೆಯ ಹಲಗೆಗಳ ಮೇಲೆ ೧, ೨, ೩ ಎಂದು ಕನ್ನಡ ಅಂಕಿ ಕೆತ್ತಿತ್ತು. ನಾನು ಅಂಕಿ ಕಲಿತದ್ದು ಸ್ಲೇಟಿನ ಮೇಲಲ್ಲ, ಆ ಹಲಗೆಗಳ ಮೇಲೆ.

ಅಂಗಡಿಯ ಹಿಂದೆ ಪಡಸಾಲೆ, ನಡುವೆ ತೊಟ್ಟಿ, ಅದರಾಚೆ ಅಡುಗೆಮನೆ, ಬಚ್ಚಲು, ಹಿತ್ತಲು. ಮೇಲೆ ಮಾಳಿಗೆ. ಎರಡು ಕಡೆಯೂ ಜಂಟಿ ಗೋಡೆ, ಕಿಟಕಿ ಇಡುವಂತಿಲ್ಲ. ಎಪ್ಪತ್ತು ಅಡಿ ಉದ್ದದ ಮನೆಗೆ ಬೆಳಕು, ಗಾಳಿ ಬರಬೇಕಾದರೆ ಆಕಾಶದಿಂದಲೇ ಬರಬೇಕು. ಅದಕ್ಕೇ ತೊಟ್ಟಿ. ಅದು ಶೋಕಿಯಲ್ಲ, ಮನೆಯ ಮೂಗು. ಇವತ್ತು ಅದಕ್ಕೆ ಶೀಟು ಹೊದಿಸಿ ಗೋಡೌನು ಮಾಡಿದ್ದೇವೆ. ಹಾಡಹಗಲೇ ಟ್ಯೂಬ್‌ಲೈಟು, ಮಧ್ಯಾಹ್ನಕ್ಕೇ ಉಸಿರುಗಟ್ಟು. ಮೂಗು ಮುಚ್ಚಿ ಉಸಿರಾಡು ಎಂದರೆ ಮನೆ ಹೇಗೆ ಉಸಿರಾಡೀತು?

ಅರ್ಧ ಅಂಗಡಿ ಇಡೀ ಅಂಗಡಿ ಆದದ್ದು ಒಂದೇ ದಿನದಲ್ಲಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಲ್ಲಿ ಜನ ಸತ್ತರು. ಉಳಿದವರಲ್ಲಿ ಅನುಕೂಲವಿದ್ದವರು ಹೊಸ ಬಡಾವಣೆಗಳಾದ ಮಲ್ಲೇಶ್ವರ, ಬಸವನಗುಡಿಗಳ ಕಡೆಗೆ ಹೊರಟರು. ಸಂಸಾರ ಹೋಯಿತು, ವ್ಯಾಪಾರ ಉಳಿಯಿತು. ಆಮೇಲೆ ೧೯೬೧ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಬಾಡಿಗೆದಾರನಿಗೆ ರಕ್ಷಣೆ ಬೇಕಿತ್ತು, ಸರಿಯೇ. ಆದರೆ ಎಷ್ಟೋ ಮನೆಗಳಲ್ಲಿ ಕಾಸಿನ ಬಾಡಿಗೆ ಹಾಗೇ ನಿಂತು, ಮಾಲೀಕ ಸುಣ್ಣ ಹೊಡೆಸುವುದನ್ನೂ ಬಿಟ್ಟ. ೧೯೯೯ರ ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬರುವ ಹೊತ್ತಿಗೆ ತುಂಬ ಮನೆಗಳು ಸೋರಿ ಸೊರಗಿದ್ದವು. ಇದರ ಮೇಲೆ ಅಣ್ಣತಮ್ಮಂದಿರ ಪಾಲು. ಹದಿನೈದು ಅಡಿಯ ಮನೆಯನ್ನು ಉದ್ದಕ್ಕೆ ಸೀಳಿ ಏಳೂವರೆ ಅಡಿಯ ಎರಡು ಮಳಿಗೆ! ತೊಟ್ಟಿಯ ನಡುವೆಯೇ ಗೋಡೆ!

ಹೀಗೆ ಮಾಳಿಗೆಯ ಮೇಲೆ ಮಲಗುವವರೇ ಇಲ್ಲವಾದರು. ರಾತ್ರಿ ಒಂಬತ್ತು ಗಂಟೆಗೆ ಷಟರ್ ಎಳೆದ ಮೇಲೆ ಪೇಟೆಯ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಮಗುವಿನ ಅಳು ಕೇಳಿಸುವುದಿಲ್ಲ, ಒಗ್ಗರಣೆ ಚುರ್ ಅನ್ನುವುದಿಲ್ಲ. ಬಂಧುಗಳೇ, ಭಾಷೆ ಬದುಕುವುದು ಕೌಂಟರಿನ ಮೇಲಲ್ಲ. ಕೌಂಟರಿನ ಭಾಷೆ ಗಿರಾಕಿ ಬಂದ ಹಾಗೆ ಬದಲಾಗುತ್ತದೆ, ಅದು ವ್ಯಾಪಾರದ ಗುಣ. ಭಾಷೆ ಬದುಕುವುದು ಜಗಲಿಯಲ್ಲಿ, ನಡುಮನೆಯಲ್ಲಿ, ಬಚ್ಚಲ ಒಲೆಯ ಮುಂದೆ. ಆ ಜಾಗಗಳು ಹೋದರೆ ಆ ಮಾತುಗಳೂ ಹೋಗುತ್ತವೆ. ಬೋದಿಗೆ ಅಂದರೆ ಏನು ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ. ದಾರಂದ? ಜಂತೆ? ಬೆಳಕಿಂಡಿ? ನೋಡಿದಿರಾ! ಈ ಪದಗಳನ್ನು ಯಾವ ಅನ್ಯಭಾಷೆಯೂ ಬಂದು ಕಿತ್ತುಕೊಂಡು ಹೋಗಲಿಲ್ಲ. ಕಂಬ ಬಿದ್ದಾಗ ಬೋದಿಗೆ ಬಿತ್ತು. ಬೋದಿಗೆ ಬಿದ್ದಾಗ ಆ ಮಾತೂ ಬಿತ್ತು.

ಕೆಡವಿದ ಕೈ ಯಾರದು?

ಹೊರಗಿನಿಂದ ಬಂದವರು ಪೇಟೆಯನ್ನು ನುಂಗಿದರು ಎಂದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ಮಾರಿದ ಕ್ರಯಪತ್ರದ ಕೆಳಗಿನ ಸಹಿ ಎಷ್ಟೋ ಕಡೆ ಅಚ್ಚ ಕನ್ನಡದಲ್ಲಿದೆ. ಬೇರೆಯವರ ಮಾತು ಬಿಡಿ, ನನ್ನ ಕಥೆ ಕೇಳಿ.

೨೦೦೬ರಲ್ಲಿ ನಾನು ಆಫ್‌ಸೆಟ್ ಯಂತ್ರ ತಂದೆ. ಹಳೆಯ ಬಾಗಿಲಿನಲ್ಲಿ ಅದು ಹಿಡಿಸಲಿಲ್ಲ. ಮನೆಯ ಮಾಲೀಕರ ಒಪ್ಪಿಗೆ ಪಡೆದು ಜಗಲಿ ಒಡೆಸಿದೆ, ಎರಡು ಕಂಬ ತೆಗೆಸಿದೆ, ಕಬ್ಬಿಣದ ಗರ್ಡರ್ ಕೊಟ್ಟು ಷಟರ್ ಹಾಕಿಸಿದೆ. ಕಂಬಗಳನ್ನು ಹಳೇ ಮರದ ವ್ಯಾಪಾರಿ ಬಂದು ಕೊಂಡುಹೋದ. ಅಂಕಿ ಕೆತ್ತಿದ ಹಲಗೆಗಳು ನೀರು ಕಾಯಿಸಲು ಒಲೆಗೆ ಹೋದವು. ನಮ್ಮ ಜಗಲಿಯ ಮೇಲೆ ದಿನಾ ಸಾಯಂಕಾಲ ಒಬ್ಬ ಅಜ್ಜಿ ಹೂ ಕಟ್ಟಿ ಮಾರುತ್ತಿದ್ದಳು, ನಮ್ಮ ತಂದೆಯ ಕಾಲದಿಂದ. ಆಕೆ ಬಂದು ನೋಡಿ, "ಮಿಷನ್ ತಂದ್ಯೇನಪ್ಪ, ಒಳ್ಳೇದಾಗ್ಲಿ. ನಾನಿನ್ನು ಎಲ್ ಕೂತ್ಕೊಳ್ಲಿ?" ಅಂದಳು. ಬೈದಿದ್ದರೆ ಮರೆಯಬಹುದಿತ್ತು. ಒಂದು ವಾರ ಬೀದಿ ಬದಿಯಲ್ಲಿ ನಿಂತೇ ಮಾರಿದಳು. ಆಮೇಲೆ ಬರಲಿಲ್ಲ. ಹಿಂದಿನ ಗೋಡೆಯಲ್ಲಿ ಇನ್ನೆರಡು ಅಡಿ ಬಾಗಿಲು ಅಗಲಿಸಿ, ಹಿತ್ತಲ ಓಣಿಯಿಂದಲೇ ಯಂತ್ರ ತರಬಹುದಿತ್ತು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಕೇಳುವವರು, ಹೇಳುವವರು ಆಗ ಯಾರೂ ಇರಲಿಲ್ಲ.

ಇನ್ನು ಆ ಸೀರೆ ಅಂಗಡಿಯ ವಿಷಯ. ಅದರ ಮಾಲೀಕರು ರಾಜಸ್ಥಾನದ ಕಡೆಯವರು, ಎರಡು ತಲೆಮಾರಿನಿಂದ ಇಲ್ಲಿದ್ದಾರೆ. ಒಳಗೆ ಹೋಗಿ ನೋಡಿದರೆ ಒಂದು ಕಂಬ ಅಲುಗಿಸಿಲ್ಲ. ತೊಟ್ಟಿಯನ್ನು ಮುಚ್ಚಿಲ್ಲ, ಮೇಲೆ ಗಾಜು ಹಾಕಿಸಿ ಪಕ್ಕದಲ್ಲಿ ಗಾಳಿಗೆ ಜಾಗ ಬಿಟ್ಟಿದ್ದಾರೆ. ಯಾಕೆ ಎಂದು ಕೇಳಿದೆ. "ರೇಷ್ಮೆ ಬಣ್ಣ ಲೈಟಲ್ಲಿ ಗೊತ್ತಾಗಲ್ಲ ಸಾರ್, ಹೆಂಗಸರು ಹಗಲು ಬೆಳಕಲ್ಲೇ ನೋಡ್ಬೇಕು ಅಂತಾರೆ" ಅಂದರು. ನೋಡಿ, ಅವರಿಗೆ ಮನೆಯ ಮೇಲೆ ಭಕ್ತಿ ಏನಲ್ಲ, ಮನೆಯ ಉಪಯೋಗ ಗೊತ್ತು, ಅಷ್ಟೇ. ಅಷ್ಟು ಗೊತ್ತಿದ್ದರೆ ಸಾಕು, ಮನೆ ಉಳಿಯುತ್ತದೆ. ಹಳೆಯ ಮನೆಯಲ್ಲಿ ವ್ಯಾಪಾರ ಆಗುವುದಿಲ್ಲ ಎಂಬುದು ಸುಳ್ಳು.

ಬೇರೆ ಊರಿನವರು ಇದನ್ನು ಕಂಡುಕೊಂಡಿದ್ದಾರೆ. ಅಹಮದಾಬಾದಿನ ಹಳೇ ಪೇಟೆಯಲ್ಲಿ ನಮ್ಮ ಹಾಗೆಯೇ ಗೋಡೆಗೆ ಗೋಡೆ ಅಂಟಿದ ಮರದ ಮನೆಗಳ ಸಾಲುಗಳಿವೆ. ೨೦೧೭ರಲ್ಲಿ ಆ ಹಳೇ ಊರು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಿಂಗಪುರದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಸಾಲುಗಳಿಗೆ ೧೯೮೯ರಲ್ಲೇ ಕಾನೂನಿನ ರಕ್ಷಣೆ ಕೊಟ್ಟರು. ಒಳಗೆ ಹೋಟೆಲು ನಡೆಸಿ, ಆಫೀಸು ನಡೆಸಿ, ಆದರೆ ಬೀದಿಯ ಮುಖ, ಜಂಟಿ ಗೋಡೆ, ನಡುವಿನ ಗಾಳಿಬಾವಿ ಮುಟ್ಟಬೇಡಿ ಎಂಬುದು ಅಲ್ಲಿನ ನಿಯಮ. ಅವರ ಗಾಳಿಬಾವಿ ಅಂದರೆ ನಮ್ಮ ತೊಟ್ಟಿಯೇ. ನಮ್ಮಲ್ಲಿ ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಟಿಪ್ಪುವಿನ ಅರಮನೆಯನ್ನು ಕಾಯುತ್ತದೆ, ಕೋಟೆಯನ್ನು ಕಾಯುತ್ತದೆ, ಕಾಯಲಿ. ಅಲ್ಲಿಂದ ಕೂಗಳತೆಯಲ್ಲಿ ಬಳೆ ಮಾರಿದವನ, ಅಕ್ಕಿ ಅಳೆದವನ ಮನೆಯಿದೆಯಲ್ಲ, ಅದನ್ನು ಕಾಯುವವರು ಯಾರು? ರಾಜನ ಮನೆ ಮಾತ್ರ ಚರಿತ್ರೆಯೇ?

ನೀವು ಮಾಡಬಹುದಾದದ್ದು

ನಾನು ಬರೀ ಗೋಳು ಹೇಳಿ ಹೋಗಲು ಬಂದಿಲ್ಲ. ನಾಲ್ಕು ಕೆಲಸ ಹೇಳುತ್ತೇನೆ. ಬರೆದುಕೊಳ್ಳಿ.

ಒಂದು. ಬೋರ್ಡಿನ ಹೋರಾಟ ಬಿಡಬೇಡಿ, ಅದರ ಅಳತೆ ಸರಿಮಾಡಿ. ಶೇಕಡಾ ೬೦ ಕನ್ನಡ ಎಂದು ಕಾಯ್ದೆ ಹೇಳಿದೆ. ಇಡೀ ಮನೆಯ ಮುಖ ಮುಚ್ಚಿ ಎಂದು ಎಲ್ಲಿಯೂ ಹೇಳಿಲ್ಲ. ಕೆಳಗಿನ ಬಾಗಿಲಿನ ಮೇಲೆ, ಮಾಳಿಗೆ ಕಿಟಕಿಯ ಕೆಳಗೆ ಒಂದೂವರೆ, ಎರಡು ಅಡಿಯ ಪಟ್ಟಿಯಿರುತ್ತದೆ. ಹಿಂದಿನವರು ಬೋರ್ಡು ಹಾಕುತ್ತಿದ್ದ ಜಾಗ ಅದೇ. ಅಲ್ಲಿ ಬರೆದ ಕನ್ನಡ ಬೀದಿಯಲ್ಲಿ ನಡೆಯುವವನ ಕಣ್ಣಿಗೆ ನೇರ ಬೀಳುತ್ತದೆ.

ಎರಡು. ಭಾನುವಾರ ಪೇಟೆಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ನಾಲ್ಕು ಜನ ಸೇರಿ ಒಂದೊಂದು ಬೀದಿ ಹಿಡಿಯಿರಿ. ತಲೆ ಎತ್ತಿ ಮಾಳಿಗೆಯ ಮೇಲೆ ನೋಡಿ. ಗಾರೆಯ ಮೇಲಿನ ಅಕ್ಷರ, ಇಸವಿ, ಕಂಬ, ಬೋದಿಗೆ, ಎಲ್ಲದರ ಫೋಟೋ ತೆಗೆಯಿರಿ. ಆ ಬೀದಿಯ ಹಿರಿಯರನ್ನು ಕೇಳಿ ಪ್ರತಿಯೊಂದರ ಹೆಸರು ಬರೆದಿಡಿ. ಕಾಗದ, ಅಚ್ಚು ನನ್ನ ಖರ್ಚು. ಪುಸ್ತಕ ಮಾಡೋಣ.

ಮೂರು. ಮನೆಯ ಮಾಲೀಕನನ್ನು ಶತ್ರು ಮಾಡಿಕೊಳ್ಳಬೇಡಿ. ಕೆಡವಿದರೆ ಅವನಿಗೆ ಕೋಟಿ, ಉಳಿಸಿದರೆ ಬರೀ ಖರ್ಚು. ನಮ್ಮ ಅಭಿಮಾನಕ್ಕೆ ಅವನೊಬ್ಬನೇ ಯಾಕೆ ದಂಡ ತೆರಬೇಕು? ಸಾಲು ಉಳಿಸುವವನಿಗೆ ಆಸ್ತಿ ತೆರಿಗೆಯಲ್ಲಿ ವಿನಾಯಿತಿ ಕೊಡಿ, ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿಗಳ ಕೈಯಲ್ಲಿ ನಮ್ಮ ಹುಡುಗರಿಗೆ ತರಬೇತಿ ಕೊಡಿಸಿ ಎಂದು ಸರ್ಕಾರವನ್ನು ಕೇಳೋಣ. ಅದು ಕನ್ನಡಿಗರ ಉದ್ಯೋಗದ ಬೇಡಿಕೆಯೂ ಹೌದು. ರಕ್ಷಣೆಯ ಪಟ್ಟಿಗೆ ಒಂಟಿ ಮನೆ ಸೇರಿಸಿದರೆ ಸಾಲದು, ಇಡೀ ಸಾಲನ್ನು ಸೇರಿಸಬೇಕು. ಸಾಲು ನಿಂತರೆ ಮಾತ್ರ ಮನೆ ನಿಲ್ಲುತ್ತದೆ.

ನಾಲ್ಕು. ನಿಮ್ಮಲ್ಲಿ ಯಾರಿಗಾದರೂ ಪೇಟೆಯಲ್ಲಿ ಅಜ್ಜನ ಕಾಲದ ಮನೆಯಲ್ಲಿ ಪಾಲಿದ್ದರೆ, ಸಹಿ ಹಾಕುವ ಮುಂಚೆ ಒಮ್ಮೆ ಮಾಳಿಗೆ ಹತ್ತಿ ನೋಡಿ ಬನ್ನಿ. ಇಷ್ಟೇ ನನ್ನ ವಿನಂತಿ.

ಕೊನೆಯ ಮಾತು. ಆ ಸೀರೆ ಅಂಗಡಿಯ ಮಾಲೀಕರ ಹತ್ತಿರ ನಾನು ಮತ್ತೆ ಹೋದೆ. ವಿಷಯ ಹೇಳಿದೆ. "ಮೇಲೆ ಅದಿತ್ತು ಅಂತ ನಮಗೂ ಗೊತ್ತಿರಲಿಲ್ಲ" ಅಂದರು. ನನ್ನ ಖರ್ಚಿನಲ್ಲಿ ಒಂಬತ್ತು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಮರದ ಬೋರ್ಡು ಬರೆಸಿಕೊಟ್ಟೆ. ಕನ್ನಡ ಮೇಲೆ, ದಪ್ಪಕ್ಷರದಲ್ಲಿ. ದೊಡ್ಡ ಬೋರ್ಡು ಇಳಿಯಿತು. ಗಿಳಿಯ ಕತ್ತಿನಲ್ಲಿ ಬೋಲ್ಟಿನ ತೂತು ಹಾಗೇ ಇದೆ, ಸುಣ್ಣದ ಕೆಲಸ ಬಲ್ಲವನು ಸಿಗುವ ತನಕ ಸಿಮೆಂಟು ಮೆತ್ತಬೇಡಿ ಎಂದು ಹೇಳಿ ಬಂದಿದ್ದೇನೆ. ಈಗ ಆ ಬೀದಿಯಲ್ಲಿ ನಡೆದರೆ ಕೆಳಗೆ ೨೦೨೪ರ ಕನ್ನಡ ಕಾಣುತ್ತದೆ, ಮೇಲೆ ೧೯೨೭ರ ಕನ್ನಡವೂ ಕಾಣುತ್ತದೆ.

ಹೂವಿನ ಅಜ್ಜಿಗೆ ನಾನು ಜಗಲಿ ವಾಪಸು ಕೊಡಲಾರೆ. ಆಕೆ ಈಗ ಇಲ್ಲ. ನನ್ನ ಕೈಯಿಂದ ಆದ ತಪ್ಪು ನಿಮ್ಮ ಕೈಯಿಂದ ಆಗದಿರಲಿ ಎಂದೇ ಇಷ್ಟು ಹೇಳಿದೆ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!